ಸಮಾಧಿಯ ಗುಲಾಬಿ ಮತ್ತು ನಾರುವ ಬಕೆಟ್

ಸಿಪ್ರಿಯನ್ ಮಾಸ್ಟ್ರಿಗೆ ಈ ಲೋಕದಲ್ಲಿ ಆಗದ ವಸ್ತು ಒಂದೇ... ಮೀನಿನ ವಾಸನೆ.

ಹುಟ್ಟಿದ್ದು ಕಡಲ ಕರೆಯಲ್ಲಿ, ರಿಟೈರ್ ಆಗುವವರೆಗೆ ಪಾಠ ಹೇಳಿದ್ದೂ ಅಲ್ಲೇ. ಆದರೂ ಮೀನಿನ ಬುಟ್ಟಿ ಎದುರು ಬಂದರೆ ಕರ್ಚೀಫು ಮೂಗಿಗೆ ಏರುತ್ತಿತ್ತು. ಅವರ ಮನೆಯಲ್ಲಿ ಮೀನು ಬೇಯುವಂತೆಯೇ ಇರಲಿಲ್ಲ.

ಹೆಂಡತಿ ಎಮಿಲಿ ಬಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಂಗಳದಲ್ಲಿ ಅವರು ಸಾಕಿದ್ದ ಗುಲಾಬಿಯ ಒಂದು ರೆಂಬೆಯನ್ನು ಮಾಸ್ಟ್ರು ಸಮಾಧಿಯ ಬದಿಯಲ್ಲಿ ನೆಟ್ಟಿದ್ದರು. ಅದು ಮೈತುಂಬ ಹೂ ಬಿಡುತ್ತಿತ್ತು.

ದಿನವೂ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಅಲ್ಲಿಗೆ ಹೋಗುವುದು... ಒಂದು ಫೋಟೋ ತೆಗೆಯುವುದು... ಚರ್ಚಿನ ವಾಟ್ಸಾಪ್ ಗ್ರೂಪಿಗೆ ಹಾಕುವುದು. ಕೆಳಗೆ ಯಾವಾಗಲೂ ಒಂದೇ ಸಾಲು: "ದೇವರು ಇವತ್ತೂ ಬಂದು ಹೋಗಿದ್ದಾರೆ."

ಎಮಿಲಿ ದೇವರ ಹತ್ತಿರ ಸುಖವಾಗಿದ್ದಾಳೆ ಎಂಬುದಕ್ಕೆ ಅವರಿಗಿದ್ದ ಸಾಕ್ಷಿ ಆ ಗಿಡವೊಂದೇ.

ಆದರೆ ಅಂಥ ಜಾಗದಲ್ಲೂ ಒಂದು ಹಾಳು ನಾತ. ಎಲ್ಲಿಂದ ಎಂದು ನೋಡಿಯೇ ಬಿಡೋಣವೆಂದು ಒಂದು ಮಧ್ಯಾಹ್ನ ಹೋದರು.

ಜಂಕ್ಷನ್‌ನಲ್ಲಿ ಮೀನು ಮಾರುವ ಜಲಜಕ್ಕ ಸ್ಮಶಾನದ ಗೇಟು ದಾಟಿ ಒಳಗೆ ಬರುತ್ತಿದ್ದರು. ಕೈಯಲ್ಲಿ ಬಕೆಟ್... ಮೀನು ತೊಳೆದ ಕೆಂಪು ನೀರು... ಮೇಲೆ ನೊಣಗಳ ಹಿಂಡು. ಮಾಸ್ಟ್ರು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡರು.

"ಎಂತ ಇದು? ಕೊಳಕು ನೀರು ಚೆಲ್ಲಲಿಕ್ಕೆ ನಿಮಗೆ ಸತ್ತವರ ಜಾಗವೇ ಸಿಕ್ಕಿದ್ದಾ? ನಾಚಿಕೆ ಆಗುದಿಲ್ವಾ?"

ಜಲಜಕ್ಕ ಏನೋ ಹೇಳಲು ಬಾಯಿ ತೆರೆದರು... ಮತ್ತೆ ಮುಚ್ಚಿದರು. ತಲೆ ತಗ್ಗಿಸಿ ಹೋದರು.

ಮಾಸ್ಟ್ರು ಚರ್ಚ್ ಕಮಿಟಿಯ ಉಪಾಧ್ಯಕ್ಷರು. ಮರುದಿನವೇ ಸ್ಮಶಾನದ ಗೇಟಿಗೆ ಬೀಗ ಬಿತ್ತು, ಕೀ ಅವರ ಜೇಬು ಸೇರಿತು.

ನಾತ ಹೋಯಿತು. ಅದರ ಹಿಂದೆಯೇ ಹೂವೂ ಹೋಯಿತು.

ಅಂಗಡಿಯ ಗೊಬ್ಬರ ಹಾಕಿದರು, ಜಪಮಾಲೆ ಹಿಡಿದರು. ಎಲೆ ಹಳದಿಯಾಗುತ್ತಲೇ ಇತ್ತು. ಎಲ್ಲರೂ ಸಮಾಧಿಗೆ ಹೂವಿಡುವ ಸತ್ತವರ ಹಬ್ಬಕ್ಕೆ ಉಳಿದದ್ದು ನಾಲ್ಕೇ ದಿನ. ದೇವರು ಎಮಿಲಿಯ ಕೈಬಿಟ್ಟರೇ ಎಂದು ಅವರಿಗೆ ಭಯವಾಯಿತು.

ಬೇರಿಗೆ ಏನಾಗಿದೆ ಎಂದು ನೋಡಲು ಬುಡ ಕೆದಕಿದರು. ಮಣ್ಣಿನ ತುಂಬ ಮೀನಿನ ಮುಳ್ಳು... ಒಂದು ಬೂತಾಯಿ ಮೀನಿನ ಬಾಲ... ಮಾಸ್ಟ್ರು ಕೈ ಕೊಡವಿ, ಗೋಡೆ ಬದಿಗೆ ಓಡಿ ವಾಂತಿ ಮಾಡಿದರು.

ನೇರ ಜಂಕ್ಷನ್‌ಗೆ ಹೋದರು.

"ನನ್ನ ಹೆಂಡತಿಯ ಸಮಾಧಿಗೇ ಸುರಿದದ್ದಾ ಅದನ್ನು? ಈಗ ಗಿಡ ಸಾಯ್ತಾ ಉಂಟು, ಗೊತ್ತುಂಟಾ?"

ಗಿಡ ಸಾಯುತ್ತಿದೆ ಎಂದು ಕೇಳಿದ್ದೇ ಜಲಜಕ್ಕನ ಕಣ್ಣು ತುಂಬಿತು.

"ಅದು ಆ ನೀರು ಕುಡಿದೇ ಬೆಳೆದ ಗಿಡ ಮಾಸ್ಟ್ರೇ. ಹದಿನೆಂಟು ವರ್ಷ ಎಮಿಲಿ ಬಾಯಿಯವರು ನನ್ನ ಹತ್ರ ಒಂದು ಮೀನು ತಗೊಳ್ಳಲಿಲ್ಲ... ಅಂಗಳದ ಗುಲಾಬಿಗೆ ಮೀನಿನ ನೀರು ಮಾತ್ರ. ನೀವು ಶಾಲೆಗೆ ಹೋದ ಮೇಲೆ ಹಿತ್ತಿಲಿಂದ ಬಂದು ಕೊಡ್ತಿದ್ದೆ. ಅವರು ಹೋದ ಮೇಲೆ ಸಮಾಧಿಯ ಗಿಡಕ್ಕೇ ತಂದು ಹಾಕ್ತಿದ್ದೆ. 'ಅವರಿಗೆ ವಾಸನೆ ಆಗುದಿಲ್ಲ, ಹೇಳಬೇಡ' ಅಂತ ಮಾತು ತಗೊಂಡಿದ್ರು. ಅದಕ್ಕೇ ಅವತ್ತು ಬಾಯಿ ಬಿಡಲಿಲ್ಲ."

ಮಾಸ್ಟ್ರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಮೀನಿನ ಮುಳ್ಳು ಮುಟ್ಟಿದಾಗಲೂ ಅಷ್ಟು ಹೇಸಿಗೆಯಾಗಿರಲಿಲ್ಲ.

ದೇವರು ದಿನವೂ ಬಂದು ಹೋಗುತ್ತಿದ್ದದ್ದು ನಿಜ... ಬೀಗ ಹಾಕಿಸಿದ್ದು ತಾವೇ.

ಅವರು ಜಲಜಕ್ಕನ ಮೀನಿನ ನೀರಿನ ಬಕೆಟ್ ಎತ್ತಿಕೊಂಡು ಹೊರಟರು. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಬೀಗದ ಕೀ. ಕರ್ಚೀಫು ಹಿಡಿಯಲು ಕೈ ಉಳಿಯಲಿಲ್ಲ. ದಾರಿಯಲ್ಲಿ ಎರಡು ಸಲ ಓಕರಿಕೆ ಬಂತು, ಕಣ್ಣೀರೂ ಬಂತು. ಆದರೂ ಬಕೆಟ್ ಕೆಳಗಿಡಲಿಲ್ಲ.

ಸತ್ತವರ ಹಬ್ಬದ ದಿನ ಗಿಡದಲ್ಲಿ ಹೂವಿರಲಿಲ್ಲ. ಚರ್ಚಿನಲ್ಲಿ ಪಕ್ಕ ಕುಳಿತವರು ಮೂಗು ಹಿಡಿದು ಸ್ವಲ್ಪ ಆಚೆ ಸರಿದರು. ಮಾಸ್ಟ್ರು ತಮ್ಮ ಅಂಗೈ ಮೂಸಿ ನೋಡಿದರು, ಕರ್ಚೀಫು ತೆಗೆಯಲಿಲ್ಲ.

ಆ ದಿನ ಗ್ರೂಪಿಗೆ ಬಂದ ಫೋಟೋದಲ್ಲಿ ಒಂದು ಹಳೆಯ, ಕೊಳಕು ಬಕೆಟ್ ಇತ್ತು. ಕೆಳಗೆ ಅದೇ ಸಾಲು: "ದೇವರು ಇವತ್ತೂ ಬಂದು ಹೋಗಿದ್ದಾರೆ."

*ದೇವರ ಕೈ ಯಾವಾಗಲೂ ಸೋಪು ಹಾಕಿ ತೊಳೆದಿರುವುದಿಲ್ಲ.*

ಇವತ್ತು ನೀವು ಮೂಗು ಮುಚ್ಚಿಕೊಂಡು ದಾಟಿ ಬಂದಿರಲ್ಲ... ಅಲ್ಲಿ ಯಾರಿದ್ದರು?