ಮೂರನೆಯ ವರ

ಎಂಟುನೂರು ವರ್ಷಗಳ ಹಿಂದಿನ ಮಾತು. ಇಂಗ್ಲೆಂಡಿನ ಒಂದು ಕೋಟೆಯ ಒಡತಿ ಹವೀಸ್ ಎರಡನೆಯ ಗಂಡನನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಆಗಲೇ ಅವಳ ಅಣ್ಣ ಫುಲ್ಕ್ ಮೂರನೆಯವನನ್ನು ಕರೆತಂದು ಊಟಕ್ಕೆ ಕೂರಿಸಿದ್ದ. ಅರಸನೇ ಗೊತ್ತುಮಾಡಿದ ಸಂಬಂಧ.

ವರನಿಗೆ ಅರವತ್ತು ದಾಟಿತ್ತು. ಹಲ್ಲಿಲ್ಲದ ಬಾಯಲ್ಲಿ ಮಾಂಸವನ್ನು ಚೀಪಿ ಚೀಪಿ ತಟ್ಟೆಯಂಚಿಗೆ ಉಗಿಯುತ್ತಿದ್ದ. ಅವನ ಕಾಲಿನ ಹುಣ್ಣಿನಿಂದ ಸೋರುತ್ತಿದ್ದ ಕೀವನ್ನು ನಾಯಿಯೊಂದು ನೆಕ್ಕುತ್ತಿತ್ತು. ಹವೀಸ್ ತನ್ನ ತಟ್ಟೆಯನ್ನು ದೂರ ತಳ್ಳಿದಳು. ಎದ್ದು ಪಕ್ಕದ ಕೋಣೆಗೆ ಹೋದಳು. ಫುಲ್ಕ್ ಹಿಂದೆಯೇ ಬಂದ.

"ಒಲ್ಲೆ ಅಣ್ಣಾ. ಆ ನಾತದ ಪಕ್ಕ ಮಲಗುವುದಕ್ಕಿಂತ ಬಾವಿಗೆ ಬೀಳುತ್ತೇನೆ."

"ಒಲ್ಲೆ ಎಂದರೆ ಅರಸ ಈ ಕೋಟೆ, ಹೊಲ, ಕಾಡು ಎಲ್ಲ ಕಿತ್ತುಕೊಳ್ಳುತ್ತಾನೆ. ಮುದುಕ ಇನ್ನೆಷ್ಟು ದಿನ ಇದ್ದಾನು? ಸಹಿಸಿಕೋ."

"ಸಹಿಸಿದ್ದು ಸಾಕು. ಮೊದಲನೆಯವನು ಕುಡಿದು ನನ್ನ ಮೈಮೇಲೇ ಕಾರಿಕೊಳ್ಳುತ್ತಿದ್ದ. ಎರಡನೆಯವನ ಬೆರಳು ನೆನಪಾದರೆ ಈಗಲೂ ಮೈ ಉಜ್ಜಿ ತೊಳೆಯುತ್ತೇನೆ. ಹೆಣ್ಣಿನ ಮೈ ಏನು, ಕಂಡವರು ಕೈ ಒರೆಸುವ ಬಟ್ಟೆಯೇ?"

ಫುಲ್ಕ್‌ನ ಕಣ್ಣು ತುಂಬಿತು. "ಆಯಿತು ತಂಗಿ. ಇವತ್ತೇ ಅರಸನ ಕಾಲು ಹಿಡಿಯುತ್ತೇನೆ. ಆಸ್ತಿ ಹೋದರೆ ಹೋಗಲಿ, ನನ್ನ ಮನೆಗೆ ಬಂದಿರು."

ಹವೀಸ್ ಕಿಟಕಿಯತ್ತ ತಿರುಗಿದಳು. ಅವಳ ಹೊಲ ಕಣ್ಣು ಹಾಯುವಷ್ಟು ದೂರ ಹಬ್ಬಿತ್ತು. ಕೆಳಗೆ ಅಂಗಳದಲ್ಲಿ ಮಗಳು ಸಿಬಿಲ್ ಹಂದಿಮರಿಯ ಹಿಂದೆ ಓಡುತ್ತಿದ್ದಳು.

"ಯಾರ ಕಾಲೂ ಹಿಡಿಯಬೇಡ," ಎಂದಳು ಹವೀಸ್. "ಸಿಬಿಲ್‌ಗೆ ಹನ್ನೊಂದು ತುಂಬಿತಲ್ಲ. ಆ ಮುದುಕನಿಗೆ ಅವಳನ್ನೇ ಕೊಡೋಣ."