ಒಳಗೆ ಬಿಟ್ಟ ಬಟ್ಟೆ

"ಹೊಟ್ಟೆ ಒಳಗೆಳ್ಕೊಳ್ರೀ!"

"ಎಳ್ಕೊಂಡೇ ಇದೀನಿ ಕಣೇ!"

ತೀರಿಹೋದ ಅಮ್ಮನನ್ನು ನೆನೆಯಲು ನೆಂಟರೆಲ್ಲ ಹೊರಗೆ ಸೇರಿದ್ದರು. ಒಳಗೆ, ಅಮ್ಮ ಕೊನೆಯದಾಗಿ ಹೊಲಿದುಕೊಟ್ಟ ಅಂಗಿಯ ಗುಂಡಿ ಹಿರಿಮಗನ ಹೊಟ್ಟೆಯ ಮೇಲೆ ಕೂರಲೊಲ್ಲದು. ಹೆಂಡತಿ ಅಂಗಿ ಬಿಚ್ಚಿಸಿಕೊಂಡು, ಅತ್ತೆಯ ಹೊಲಿಗೆ ಮಿಷನ್ನಿನ ಮುಂದೆ ಕೂತು ಪಕ್ಕದ ಹೊಲಿಗೆ ಬಿಚ್ಚಿದಳು. ಅವಳೆಣಿಸಿದಂತೆಯೇ ಒಳಗೆ ಎರಡು ಬೆರಳಗಲ ಬಟ್ಟೆ ಮಡಚಿಕೊಂಡಿತ್ತು.

ಊರವರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿಯುತ್ತಿದ್ದ ಅತ್ತೆ, ಹೆತ್ತ ಮಕ್ಕಳಿಗೆ ಮಾತ್ರ ಹೀಗೆ ಬಿಡುತ್ತಿದ್ದರು. "ಬೆಳೆಯೋ ಮಕ್ಕಳಮ್ಮ" ಎನ್ನುತ್ತಿದ್ದರು. "ನಿಮ್ಮ ಮಗನಿಗೆ ಅರವತ್ತಾಯ್ತು ಅತ್ತೆ" ಎಂದರೆ, "ಅಡ್ಡಡ್ಡ ಬೆಳೀತಾನಲ್ಲ!" ಹೆತ್ತವಳ ಕರುಳು, ಸೊಸೆಗೆಲ್ಲಿ ಬರಬೇಕು ಆ ಭಾಗ್ಯ ಎಂದು ಅವಳು ಒಳಗೊಳಗೇ ಮುನಿಸಿಕೊಂಡಿದ್ದುಂಟು.

ಮಡಿಕೆ ಬಿಡಿಸಿ ಮತ್ತೆ ಹೊಲಿದುಕೊಟ್ಟ ಮೇಲೆ ಗುಂಡಿ ಸಲೀಸಾಗಿ ಕೂತಿತು. ಗಂಡ ಕಣ್ಣೊರೆಸಿಕೊಳ್ಳುತ್ತ ಹೊರನಡೆದ. ಬಾಗಿಲ ಹಿಂದೆ ಅವಳ ಹಳೆಯ ಕೋಟು ತೂಗುತ್ತಿತ್ತು. ಅವಳು ಸೊಸೆಯಾಗಿ ಬಂದ ವರ್ಷ ಅತ್ತೆ ಹೊಲಿದದ್ದು. ಎಂದೂ ಬಿಗಿಯಾಗದ್ದರಿಂದ ಒಳಗೆ ನೋಡುವ ಪ್ರಮೇಯವೇ ಬಂದಿರಲಿಲ್ಲ. ಅದರ ಪಕ್ಕದ ಹೊಲಿಗೆಯನ್ನು ಸುಮ್ಮನೆ ಹಿಚುಕಿ ನೋಡಿದಳು. ದಪ್ಪಗೆ ಸಿಕ್ಕಿತು. ಬೆರಳಿಟ್ಟು ಅಳೆದಳು. ಮೂರು.

"ಅಯ್ಯೋ ಅತ್ತೆ," ಎಂದಳು ಖಾಲಿ ಮಿಷನ್ನಿಗೆ, "ನಾನಿನ್ನು ಯಾವಾಗ ಬೆಳೆಯೋದು?"