ಕಣ್ಣಾರೆ ಕಂಡಿದ್ದೇನೆ

ಟಕ ಟಕ ಟಕ್.

ಸಂಯುಕ್ತಾ ಕಣ್ಣು ಬಿಟ್ಟಳು. ಹನ್ನೊಂದೂವರೆ. ಸದ್ದು ಗೋಡೆಯಾಚೆ, ವೆಂಡೆಲ್ ಅವರ ಮನೆಯಲ್ಲಿ. ಗಟ್ಟಿಯಾದ ಚಿಕ್ಕದೇನೋ ಮೇಜಿನ ಮೇಲೆ ಬಿದ್ದು ಉರುಳಿದ ಹಾಗೆ. ಆಮೇಲೆ ಹೆಜ್ಜೆ. ಚುರುಕಾದ ಬರಿಗಾಲಿನ ಹೆಜ್ಜೆ. ಕೊನೆಗೆ ಧಪ್ಪೆಂದು ಒಂದು ಕುಣಿತ.

ವೆಂಡೆಲ್ ಗಾಲಿಕುರ್ಚಿಯಲ್ಲಿರುವವರು. ಒಂಟಿ.

ಎಪ್ಪತ್ತೇಳು ವರ್ಷ. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದವರು. ಕಾಸಿಲ್ಲದ, ಕೈಲಾಗದ ಮಾಜಿ ಸೈನಿಕರಿಗೆ ಸರ್ಕಾರ ಕೊಡುವ ಪಿಂಚಣಿ ಅವರಿಗೆ ಬರುತ್ತಿತ್ತು. ಇನ್ನೊಬ್ಬರ ನೆರವಿಲ್ಲದೆ ದಿನ ಕಳೆಯಲಾಗದವರಿಗೆ ಅದರಲ್ಲಿ ಹೆಚ್ಚಿನ ಮೊತ್ತವಿದೆ. ಅದು ಸಿಕ್ಕರೆ ಸಹಾಯಕ್ಕೆ ಒಬ್ಬರನ್ನಿಟ್ಟುಕೊಂಡು ಹೇವರ್ಡ್‌ನ ಈ ಅಪಾರ್ಟ್‌ಮೆಂಟಿನಲ್ಲೇ ಇರಬಹುದು. ಸಿಗದಿದ್ದರೆ ಒರೆಗಾನ್‌ನಲ್ಲಿ ತಂಗಿಯ ಮನೆಯ ಗರಾಜು.

ಅರ್ಜಿಯ ಜೊತೆ ನೆರೆಯವರ ಹೇಳಿಕೆಯೊಂದಿದ್ದರೆ ಒಳ್ಳೆಯದು ಎಂದಿದ್ದರು ಪಿಂಚಣಿ ಕಚೇರಿಯವರು. ಬರೆದವಳು ಸಂಯುಕ್ತಾ. ಮನೆಯಲ್ಲಿ ಫಾರಂ ತುಂಬುವವಳು ಯಾವಾಗಲೂ ಅವಳೇ: ಟ್ಯಾಕ್ಸಿನದು, ಡೇಕೇರಿನದು, ನಡೆಯಲಾಗದವರಿಗೆ ಅಂಗಡಿ ಬಾಗಿಲಲ್ಲೇ ಜಾಗ ಕೊಡಿಸುವ, ಕಾರಿನ ಕನ್ನಡಿಗೆ ತೂಗುಹಾಕುವ ಅತ್ತೆಯ ನೀಲಿ ಪಾರ್ಕಿಂಗ್ ಕಾರ್ಡಿನದು. ಒಂದೊಂದು ಪದವನ್ನೂ ತೂಗಿ ಬರೆದಿದ್ದಳು: 'ಇವರು ಆಸರೆಯಿಲ್ಲದೆ ಎದ್ದು ನಿಲ್ಲಲಾರರು. ಕಣ್ಣಾರೆ ಕಂಡಿದ್ದೇನೆ.' ಕೆಳಗೆ ರುಜು. ಲಕೋಟೆ ನಾಳೆಯ ಟಪಾಲಿಗೆ ಸಿದ್ಧವಾಗಿತ್ತು.

"ರಘು, ಪಕ್ಕದ್ಮನೇಲಿ ಯಾರೋ ಕುಣೀತಿದಾರೆ."

"ಟೀವಿ ಇರ್ಬೇಕು, ಮಲ್ಕೊಳೇ. ಏಳಕ್ಕೆ ಮೀಟಿಂಗಿದೆ ನಂಗೆ." ಗಂಡ ಮಗ್ಗುಲಾದ.

ಅವಳಿಗೆ ನಿದ್ದೆ ಹತ್ತಲಿಲ್ಲ. ಎದ್ದು ಅತ್ತೆಯ ಕೋಣೆಗೆ ಇಣುಕಿದಳು. ಮರಿತಾಯಮ್ಮನ ಹಾಸಿಗೆಯಲ್ಲಿ ತಲೆದಿಂಬಿನವರೆಗೂ ಎಳೆದ ಹೊದಿಕೆ ಉಬ್ಬಿಕೊಂಡಿತ್ತು. ಗೊರಕೆಯೂ ಇಲ್ಲ. ಸಂಜೆ ಮಂಡಿಗೆ ಎಣ್ಣೆ ತಿಕ್ಕಿದ್ದು ಹಿಡಿಸಿತೆಂದುಕೊಂಡು ಸದ್ದಾಗದಂತೆ ಬಾಗಿಲೆಳೆದಳು.

ಬೆಳಗ್ಗೆ ಅತ್ತೆಗೆ ಹಾಸಿಗೆಗೇ ಕಾಫಿ ಕೊಟ್ಟಳು.

"ಮಂಡಿ ಹೇಗಿದೆ ಅತ್ತೆ?"

"ಅಯ್ಯೋ, ಏನ್ ಹೇಳನವ್ವ. ಬಾತ್‌ರೂಮ್‌ಗೆ ಹೋಗಿ ಬರಾ ಹೊತ್ಗೆ ಪ್ರಾಣ ಹೋಯ್ತದೆ."

ಕಿಟಕಿಯ ಕಟ್ಟೆಯ ಮೇಲೆ ಹುಣಸೆ ಬೀಜಗಳಿದ್ದವು, ಒಂದು ಮೈ ಉಜ್ಜಿ ಬೆಳ್ಳಗಾದವು.

"ಇದೇನು?"

"ಕೂತಲ್ಲೇ ಕೂತಿರೋಳ್ಗೆ ಕೈಗೊಂದ್ ಕೆಲ್ಸ ಬ್ಯಾಡ್ವಾ?"

ಲಕೋಟೆಯನ್ನು ಅವಳು ಟಪಾಲಿಗೆ ಹಾಕಲಿಲ್ಲ. ಡಬ್ಬಿಯಲ್ಲಿ ಉಪ್ಪಿಟ್ಟು ತುಂಬಿಕೊಂಡು ಪಕ್ಕದ ಮನೆಯ ಬೆಲ್ಲು ಒತ್ತಿದಳು. ವೆಂಡೆಲ್ ಕುರ್ಚಿಯ ಗಾಲಿ ತಳ್ಳುತ್ತಾ ಬಂದು ಬಾಗಿಲು ತೆಗೆದರು.

"ರಾತ್ರಿ ನಿದ್ದೆ ಬಂತಾ?" ಇಂಗ್ಲಿಷಿನಲ್ಲಿ ಕೇಳಿದಳು.

"ಎಲ್ಲಿಯ ನಿದ್ದೆ ಸ್ಯಾಮ್? ಸೋತು ಸುಣ್ಣವಾಗಿದ್ದೀನಿ." ಅವರ ಬಾಯಲ್ಲಿ ಸಂಯುಕ್ತಾ ಯಾವಾಗಲೂ ಸ್ಯಾಮ್.

"ಹೆಜ್ಜೆ ಸದ್ದು ಕೇಳಿಸ್ತು."

ಅವರ ಕಿವಿ ಕೆಂಪಾದವು. "ಅದು ಮಿಲಿಟರಿ ರಹಸ್ಯ." ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. "ಇದಕ್ಕೆ ನಿಂಬೆಹಣ್ಣು ಹಿಂಡಬೇಕಲ್ಲವಾ?"

ಸಂಯುಕ್ತಾ ನಗಲಿಲ್ಲ. ಮನುಷ್ಯ ಮಾತು ಮರೆಸುತ್ತಿದ್ದಾನೆ. ಅವನು ನಡೆಯಬಲ್ಲನಾದರೆ ಅವಳ ರುಜು ಸುಳ್ಳಿಗೆ ಬಿದ್ದ ರುಜು. ಕಾಗದ ಹರಿದರೆ ಅವನ ಪಾಲಿಗೆ ಗರಾಜು. ಇಡೀ ದಿನ ಅವಳ ಆಫೀಸಿನ ಕೆಲಸ ಮುಂದೆ ಸಾಗಲಿಲ್ಲ.

ಅಂದು ರಾತ್ರಿ ಎದ್ದೇ ಕೂತಿದ್ದಳು. ಟಕ ಟಕ ಟಕ್. ಲಕೋಟೆ ಕೈಗೆತ್ತಿಕೊಂಡಳು. ಕಣ್ಣಾರೆ ನೋಡುವುದು, ನಿಜವಾದರೆ ನಿಂತಲ್ಲೇ ಹರಿಯುವುದು. ಮುಂಬಾಗಿಲ ಚಿಲಕ ಹಾಕಿರಲಿಲ್ಲ. ರಘುವಿನ ಮರೆವಿಗೆ ಶಾಪ ಹಾಕಿ ಹೊರಬಿದ್ದಳು. ಪಕ್ಕದ ಮನೆಯ ಕಿಟಕಿಯ ಪರದೆಯಲ್ಲಿ ಎರಡು ಬೆರಳಷ್ಟು ಸಂದಿ. ಕಣ್ಣಿಟ್ಟಳು.

ವೆಂಡೆಲ್ ಗಾಲಿಕುರ್ಚಿಯಲ್ಲೇ ಇದ್ದರು, ತಲೆಯ ಮೇಲೆ ಕೈ ಹೊತ್ತು. ಎದುರಿನ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳು. ನಾಲ್ಕು ಹುಣಸೆ ಬೀಜಗಳು ಟಕಟಕನೆ ಉರುಳಿದವು.

"ಚೌಕಾ! ಹೊಡ್ದೆ ಕಣಪ್ಪ ನಿನ್ ಕಾಯ್ನ, ಎತ್ಕೋ!"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಸುತ್ತ ಚುರುಕಾಗಿ ಒಂದು ಸುತ್ತು ಹಾಕಿ, ಧಪ್ಪೆಂದು ಕುಣಿದವರು ಮರಿತಾಯಮ್ಮ.

ಸಂಯುಕ್ತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನೇರ ಹೋಗಿ ಲಕೋಟೆಯನ್ನು ಟಪಾಲು ಡಬ್ಬಿಗೆ ಹಾಕಿದಳು. ಅದರಲ್ಲಿದ್ದ ಒಂದೊಂದು ಪದವೂ ನಿಜ. ವಾಪಸು ಬರುವಾಗ ತಮ್ಮದೇ ಕಾರು ಕಂಡಿತು, ಕನ್ನಡಿಯಲ್ಲಿ ತೂಗುತ್ತಿದ್ದ ನೀಲಿ ಕಾರ್ಡು ಕಂಡಿತು. ಅವಳ ಅನುಮಾನ ತಪ್ಪಿರಲಿಲ್ಲ, ಸುಳ್ಳು ಬರೆದದ್ದಂತೂ ಹೌದು. ಆದರೆ ಅದು ಬೇರೆ ಫಾರಂ.

ಚಿಲಕ ಹಾಕದೆ ಬಾಗಿಲನ್ನು ಮೆಲ್ಲನೆ ಮುಂದೆ ಮಾಡಿದಳು. ಕಂಡದ್ದನ್ನು ಯಾರಿಗೂ, ರಘುವಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದಳು: ಭಾನುವಾರ ಫ್ರೀಮಾಂಟಿನ ದಿನಸಿ ಅಂಗಡಿಯೆದುರು ಪಾರ್ಕಿಂಗ್ ಸಿಗುವುದು ಅಷ್ಟು ಸುಲಭವಲ್ಲ.